ಹಡಪದಿಂದ ಕವರಿಗೆ

ಕನ್ನಡ ಸಾಹಿತ್ಯ ಚರಿತ್ರೆಯಲ್ಲಿ ಚೀಲದಿಂದಲೇ ಹೆಸರು ಪಡೆದ ಇಬ್ಬರಿದ್ದಾರೆ. ಒಬ್ಬ 12ನೆಯ ಶತಮಾನದ ಹಡಪದ ಅಪ್ಪಣ್ಣ; ಇನ್ನೊಬ್ಬಳು 17ನೆಯ ಶತಮಾನದ ಸಂಚಿಯ ಹೊನ್ನಮ್ಮ. ಬಸವಣ್ಣನವರ ಬಳಿ ತಾಂಬೂಲದ ಚೀಲ ಹಿಡಿಯುವುದು ಅಪ್ಪಣ್ಣನ ಕಾಯಕ. ಮೈಸೂರಿನ ಚಿಕ್ಕದೇವರಾಜ ಒಡೆಯರ (ಆಳ್ವಿಕೆ 1673–1704) ಅರಮನೆಯಲ್ಲಿ ರಾಣಿಯ ಎಲೆಯಡಕೆಯ ಸಂಚಿಯನ್ನು ಹಿಡಿದುಕೊಂಡಿದ್ದ ಊಳಿಗದ ಹೆಣ್ಣುಮಗಳೇ ‘ಹದಿಬದೆಯ ಧರ್ಮ’ವನ್ನು ಸಾಂಗತ್ಯದಲ್ಲಿ ಬರೆದಳು. ಶಾಸನಗಳಲ್ಲಿ ಕಾಣಸಿಗುವ ‘ಹಡಪವಳ’ ಎಂಬುದು ಕೂಡ ಇದೇ ಊಳಿಗದಿಂದ ಬೆಳೆದ ಪದವಿ. ಚೀಲ ಹಿಡಿಯುವುದು ಅಂದು ವಿಶ್ವಾಸದ ಕೆಲಸ. ದೊರೆ ಬಾಯಿಗೆ ಹಾಕಿಕೊಳ್ಳುವ ಎಲೆಯಡಕೆ ಯಾರ ಕೈಯಲ್ಲಿದೆ ಎಂಬುದು ಸಣ್ಣ ಮಾತಲ್ಲವಷ್ಟೆ.

ಈ ಪಾಠ ಹೇಳುವಾಗ ನನಗೆ ಪ್ರತಿವರ್ಷವೂ ಒಂದು ತೊಡಕು ಬರುತ್ತದೆ. ಹಡಪ ಎಂದರೇನು ಎಂದು ಕೇಳಿದರೆ ತರಗತಿ ಸುಮ್ಮನಿರುತ್ತದೆ. ಸಂಚಿ ಎಂದರೆ ಒಂದಿಬ್ಬರು ಅಜ್ಜಿಯ ಸೊಂಟವನ್ನು ನೆನೆಯುತ್ತಾರೆ. ಜೋಳಿಗೆ ಸ್ವಾಮಿಗಳದ್ದು ಎಂದು ಗೊತ್ತು. ಹಸಿಬೆ, ಮಂಕರಿ, ಕುಕ್ಕೆ, ಹೆಡಿಗೆ ಎಂದು ಮುಂದುವರಿದರೆ ನಿಘಂಟಿಗೇ ಹೋಗಬೇಕು. ಇಷ್ಟು ಮಾತುಗಳು ಹಿಡಿದಿಡುತ್ತಿದ್ದ ವಸ್ತುಗಳ ಜಾಗದಲ್ಲಿ ಈಗ ಒಂದೇ ಮಾತು ನಿಂತಿದೆ: ಕವರು. ಅಂಚೆಯ ಲಕೋಟೆಗೆ ನಾವು ಇಟ್ಟುಕೊಂಡಿದ್ದ ಈ ಇಂಗ್ಲಿಷ್ ಮಾತು ಲಕೋಟೆ ಮರೆಯಾಗುವ ಹೊತ್ತಿಗೆ ತರಕಾರಿಯ ಚೀಲಕ್ಕೆ ಅಂಟಿಕೊಂಡಿತು. ಹಾಲಿನದೂ ಕವರು, ಹೂವಿನದೂ ಕವರು, ಸಾಂಬಾರಿನದೂ ಕವರು. ಭಾಷೆಯನ್ನು ಕಲಿಸುವವರಿಗೆ ಇದು ಬೇಸರದ ಸಂಗತಿಯೆಂಬುದು ನಿಜ. ಆದರೆ ಮಾತು ಸವೆದುಹೋದ ಜಾಗದಲ್ಲಿ ಬದುಕಿನ ಯಾವುದೋ ಏರ್ಪಾಡು ಸವೆದಿರುತ್ತದೆ. ಆ ಏರ್ಪಾಡು ಯಾವುದು, ಅದು ಯಾವಾಗ ಮುರಿಯಿತು ಎಂದು ನೋಡುವುದೇ ಈ ಲೇಖನದ ಉದ್ದೇಶ.

ಅಪ್ಪಣ್ಣನ ಕಾಲದ ಕಲ್ಯಾಣವನ್ನೇ ನೋಡಿ. ಶರಣರಲ್ಲಿ ಬಿದಿರು ಸೀಳಿ ಬುಟ್ಟಿ ಹೆಣೆಯುವ ಮೇದಾರ ಕೇತಯ್ಯನಿದ್ದಾನೆ. ಹುಲ್ಲು ಕೊಯ್ದು ಹಗ್ಗ ಹೊಸೆಯುವ ನುಲಿಯ ಚಂದಯ್ಯನಿದ್ದಾನೆ. ಸೂಜಿಕಾಯಕದ ರಾಮಿತಂದೆ ಇದ್ದಾನೆ. ಅವರಿಗಿಂತ ಹಿಂದಿನವನಾದ ಜೇಡರ ದಾಸಿಮಯ್ಯ ಬಟ್ಟೆ ನೇಯುವವನು. ಮಡಕೆ ಮಾಡುವ ಗುಂಡಯ್ಯನ ಕಥೆಗೆ ಹರಿಹರ ಒಂದು ರಗಳೆಯನ್ನೇ ಮೀಸಲಿಟ್ಟ; ಗುಂಡಯ್ಯ ಮಡಕೆ ತಟ್ಟುವ ಸದ್ದಿಗೆ ಶಿವನೇ ಬಂದು ಕುಣಿದನೆಂಬುದು ಅದರ ಸ್ವಾರಸ್ಯ. ಇವರ ಭಕ್ತಿಯ ಬಗ್ಗೆ ನಾವು ಬೇಕಾದಷ್ಟು ಬರೆದಿದ್ದೇವೆ. ಇವರೆಲ್ಲರ ಕಸುಬನ್ನೂ ಒಟ್ಟಿಗಿಟ್ಟು ನೋಡಿದರೆ ಇನ್ನೊಂದು ವಿಷಯ ಹೊಳೆಯುತ್ತದೆ: ಒಂದು ಊರು ತನ್ನ ಕಾಳು, ನೀರು, ಸೊಪ್ಪು, ಬಟ್ಟೆಗಳನ್ನು ತುಂಬಲು, ಕಟ್ಟಲು, ಹೊರಲು ಏನೇನು ಬೇಕೋ ಅದನ್ನೆಲ್ಲ ಮಾಡುವವರೇ ಇವರು. ಬುಟ್ಟಿ, ಹಗ್ಗ, ಮಡಕೆ, ಬಟ್ಟೆ, ಹೊಲಿಗೆ. ಇಂದು ಈ ಐದು ಜನರ ಕೆಲಸವನ್ನೂ ಒಂದೇ ಪ್ಲಾಸ್ಟಿಕ್ಕು ಮಾಡುತ್ತಿದೆ.

ಹಾಗಾದರೆ ನಮ್ಮ ಹಿಂದಿನವರು ಏನನ್ನೂ ಬಿಸಾಡುತ್ತಿರಲಿಲ್ಲವೇ? ಧಾರಾಳವಾಗಿ ಬಿಸಾಡುತ್ತಿದ್ದರು. ಒಮ್ಮೆ ಬಳಸಿ ಎಸೆಯುವುದು ಇಪ್ಪತ್ತನೆಯ ಶತಮಾನದ ಚಾಳಿ ಎಂದು ತಿಳಿದವರು ಮೊಹೆಂಜೋದಾರೊವನ್ನು ನೆನೆಯಬೇಕು. ಅಲ್ಲಿ ಬುಡ ಚೂಪಾದ ಮಣ್ಣಿನ ಕುಡಿಕೆಗಳು ರಾಶಿರಾಶಿಯಾಗಿ ಸಿಕ್ಕಿವೆ. ಒಮ್ಮೆ ಕುಡಿದು ಎಸೆದವು ಇವು ಎಂದು ವಿದ್ವಾಂಸರು ಊಹಿಸಿದ್ದಾರೆ. ಕ್ರೀಟ್ ದ್ವೀಪದ ಮಿನೋವನ್ನರ ಅರಮನೆಗಳಲ್ಲಿಯೂ ಇಂಥವೇ ಸಾವಿರಗಟ್ಟಲೆ ಸಿಕ್ಕಿವೆ. ಅಷ್ಟು ದೂರವೇಕೆ, ನಮ್ಮ ಮುತ್ತುಗದ ಎಲೆಯನ್ನೇ ತೆಗೆದುಕೊಳ್ಳಿ. ಎಲೆ ಕೊಯ್ದು, ಒಣಗಿಸಿ, ಹೆಂಗಸರು ಬೇಸಗೆಯ ಮಧ್ಯಾಹ್ನಗಳಲ್ಲಿ ಜಗಲಿಯ ಮೇಲೆ ಕುಳಿತು ಸಣ್ಣ ಕಡ್ಡಿಗಳಿಂದ ಹಚ್ಚಿ ಕಟ್ಟುಗಟ್ಟಲೆ ಪೇರಿಸಿಡುತ್ತಿದ್ದರು. ಮದುವೆಯೊಂದಕ್ಕೆ ಸಾವಿರ ಎಲೆ ಎಂದರೆ ಹೆಚ್ಚೇನಲ್ಲ. ಉಂಡೆದ್ದ ಮೇಲೆ ಎಲೆ ಎತ್ತಿ ತಿಪ್ಪೆಗೆ. ದನ ಮೂಸಿ ತಿಂದಷ್ಟು ತಿಂದಿತು. ಉಳಿದದ್ದು ಗೊಬ್ಬರವಾಗಿ ಹೊಲಕ್ಕೆ ಹೋಯಿತು. ದೊನ್ನೆಯ ಗತಿಯೂ ಅದೇ, ಬಾಳೆಯ ನಾರಿನಲ್ಲಿ ಕಟ್ಟಿ ಬಾಳೆಯೆಲೆಯಲ್ಲಿ ಸುತ್ತಿ ಕೊಡುತ್ತಿದ್ದ ಮಲ್ಲಿಗೆಯ ಗತಿಯೂ ಅದೇ.

ಇನ್ನೊಂದು ಕಡೆ ಇಟ್ಟುಕೊಳ್ಳುವ ವಸ್ತುಗಳು. ತಾಮ್ರ, ಹಿತ್ತಾಳೆ, ಕಂಚು. ಕಲಾಯಿ ಹೋದರೆ ಕಲಾಯಿ, ತೂತು ಬಿದ್ದರೆ ಬೆಸುಗೆ, ಇನ್ನೂ ಕೆಟ್ಟರೆ ತೂಕಕ್ಕೆ ಹಾಕಿ ಹೊಸದು. ಪಾತ್ರೆ ಕೊಂಡ ಕೂಡಲೇ ಅಂಗಡಿಯಲ್ಲೇ ಹೆಸರು ಕೆತ್ತಿಸುವುದು ನಮ್ಮಲ್ಲಿ ಇಂದಿಗೂ ಉಳಿದಿದೆ: ಇಂಥವರ ಮದುವೆಯಲ್ಲಿ ಇಂಥವರು ಕೊಟ್ಟದ್ದು, ಇಂಥ ತಾರೀಖು. ನನ್ನ ಮಟ್ಟಿಗೆ ಇವೂ ಕಿರುಶಾಸನಗಳೇ; ಎಷ್ಟೋ ಮನೆತನಗಳ ವಂಶಾವಳಿಯನ್ನು ಅಟ್ಟದ ಮೇಲಿನ ಕೊಪ್ಪರಿಗೆಗಳಿಂದ ಬರೆಯಬಹುದು. ಬಟ್ಟೆಯೂ ಹಾಗೆಯೇ. ಸೀರೆ ಹಳತಾಗಿ ತೊಟ್ಟಿಲಿಗೆ ಹಾಸಾಯಿತು, ಉತ್ತರ ಕರ್ನಾಟಕದಲ್ಲಾದರೆ ಕೌದಿಯಾಯಿತು, ಆಮೇಲೆ ಒರಸುವ ಬಟ್ಟೆ, ಕೊನೆಗೆ ದೀಪದ ಬತ್ತಿ. ದಕ್ಷಿಣ ಕನ್ನಡದಲ್ಲಿ ಅಕ್ಕಿಯನ್ನು ಬೈಹುಲ್ಲಿನಲ್ಲಿ ಬಿಗಿದು ಕಟ್ಟಿ ಮುಡಿ ಮಾಡುತ್ತಿದ್ದರು. ಆ ಕಟ್ಟೇ ಅಳತೆಯೂ ಆಗಿ, ಒಕ್ಕಲು ಧಣಿಗೆ ಕೊಡುವ ಗೇಣಿ ಕೂಡ ‘ಇಷ್ಟು ಮುಡಿ’ ಎಂಬ ಲೆಕ್ಕದಲ್ಲೇ ನಡೆಯಿತು. ಬರಿಯ ಹುಲ್ಲು ಸುತ್ತಿದ ಪೊಟ್ಟಣವೊಂದು ಒಂದು ಸೀಮೆಯ ಅರ್ಥವ್ಯವಸ್ಥೆಯ ಮಾನವಾಯಿತೆಂದರೆ ಅದರ ಗಟ್ಟಿತನ ಎಂಥದಿರಬೇಕು!

ಎಂದರೆ ವಸ್ತುಗಳಲ್ಲಿ ಎರಡೇ ಜಾತಿ. ಎಸೆಯುವುದೆಲ್ಲ ಕೊಳೆಯುವಂಥದು, ಕೊಳೆಯದಿರುವುದನ್ನು ಯಾರೂ ಎಸೆಯುತ್ತಿರಲಿಲ್ಲ. ಇದನ್ನು ಯಾರೂ ಶಾಸನ ಮಾಡಿ ವಿಧಿಸಿದ್ದಲ್ಲ. ಲೋಹ ದುಬಾರಿ, ಎಲೆ ಅಗ್ಗ; ಅಷ್ಟರಿಂದಲೇ ಅದು ನಡೆಯಿತು.

ಇಲ್ಲಿ ನಿಲ್ಲಿಸಿ ‘ಆಹಾ, ಹಿಂದಿನ ಕಾಲ’ ಎಂದುಬಿಟ್ಟರೆ ಚರಿತ್ರೆಗೆ ಅಪಚಾರವಾದೀತು. ಎಸೆಯುವ ಎಲೆಗೂ ಒಡೆಯುವ ಕುಡಿಕೆಗೂ ಎಂಜಲು-ಮೈಲಿಗೆಯ ಭಯ ಬೆನ್ನಿಗಿತ್ತು. ಧರ್ಮಶಾಸ್ತ್ರಗಳು ದ್ರವ್ಯಶುದ್ಧಿಯ ಭಾಗದಲ್ಲಿ ಯಾವ ಪಾತ್ರೆ ಯಾವುದರಿಂದ ಶುದ್ಧವಾಗುತ್ತದೆಂದು ಪಟ್ಟಿಯನ್ನೇ ಕೊಡುತ್ತವೆ: ಲೋಹಕ್ಕೆ ಬೂದಿ, ಹುಳಿ, ನೀರು, ಮಣ್ಣಿಗೆ ಮತ್ತೆ ಬೆಂಕಿ, ತೀರ ಕೆಟ್ಟರೆ ಅದೂ ಇಲ್ಲ. ಇನ್ನೊಬ್ಬರ ಬಾಯಿ ತಾಗಿದ ಲೋಟ ಬೇಡವೆಂಬ ಮನಸ್ಸೇ ದಲಿತನಿಗೆ ತೆಂಗಿನ ಚಿಪ್ಪಿನಲ್ಲಿ ನೀರು ಕೊಟ್ಟಿತು, ಹೋಟಲಿನಲ್ಲಿ ಅವನ ಲೋಟವನ್ನು ಹೊರಗಿಟ್ಟಿತು. ಇನ್ನು ಹೆಂಗಸರ ಮಾತು. ಹಿತ್ತಾಳೆಯ ಬಿಂದಿಗೆಯನ್ನು ಕಂಕುಳಲ್ಲಿಟ್ಟು ಮೈಲಿ ನಡೆದವರನ್ನು ಕೇಳಿದರೆ ಪ್ಲಾಸ್ಟಿಕ್ಕಿನ ಕೊಡ ಬಂದ ದಿನ ಅವರ ಸೊಂಟಕ್ಕೆ ಆದ ನೆಮ್ಮದಿ ಏನೆಂದು ಹೇಳಿಯಾರು. ನೀರು ತರದ ಗಂಡಸರು ಬರೆಯುವ ಪ್ಲಾಸ್ಟಿಕ್ ವಿರೋಧಿ ಲೇಖನಗಳಲ್ಲಿ, ಇದನ್ನೂ ಸೇರಿಸಿಕೊಂಡು, ಈ ಸೊಂಟದ ನೆನಪು ಸ್ವಲ್ಪ ಇರುವುದು ಒಳ್ಳೆಯದು.

ಪ್ಲಾಸ್ಟಿಕ್ಕು ಲೋಕಕ್ಕೆ ಬಂದದ್ದೂ ಕೇಡು ಮಾಡುವ ಉದ್ದೇಶದಿಂದಲ್ಲ. 1860ರ ದಶಕದ ಅಮೆರಿಕದಲ್ಲಿ ಬಿಲಿಯರ್ಡ್ಸ್ ಆಟದ ಚೆಂಡುಗಳಿಗೆ ಆನೆಯ ದಂತ ಸಾಲದೆ ಬಂತು. ದಂತಕ್ಕೆ ಬದಲಿ ಕಂಡುಹಿಡಿದವರಿಗೆ 10,000 ಡಾಲರು ಎಂದು ವ್ಯಾಪಾರಿಗಳು ಸಾರಿದರು. ಜಾನ್ ವೆಸ್ಲಿ ಹಯಟ್ ಎಂಬವನು ಅದರ ಬೆನ್ನುಹತ್ತಿ ಸೆಲ್ಯುಲಾಯ್ಡನ್ನು ರೂಪಿಸಿದ. 1870ರಲ್ಲಿ ಪೇಟೆಂಟು ಪಡೆದ. ಬಾಚಣಿಗೆಗಳಿಗೆ ಆಮೆಯ ಚಿಪ್ಪಿನ ಬದಲಾಗಿಯೂ ಇದೇ ನಿಂತಿತು. ಹೀಗೆ ಆನೆ, ಆಮೆಗಳಿಗೆ ಜೀವದಾನ ಮಾಡುವ ವಸ್ತುವೆಂದು ಇದು ಮೆರೆಯಿತು. 1907ರಲ್ಲಿ ಬೇಕ್‌ಲ್ಯಾಂಡ್ ಬೇಕಲೈಟನ್ನು ಮಾಡಿದ. ಹಳೆಯ ಮನೆಗಳ ಕರಿಯ ಗುಂಡು ಸ್ವಿಚ್ಚುಗಳು ಅವನ ಕೊಡುಗೆ. 1933ರಲ್ಲಿ ಇಂಗ್ಲೆಂಡಿನ ಇಂಪೀರಿಯಲ್ ಕೆಮಿಕಲ್ ಇಂಡಸ್ಟ್ರೀಸ್‌ನ ಪ್ರಯೋಗಶಾಲೆಯಲ್ಲಿ ಗಿಬ್ಸನ್, ಫಾಸೆಟ್ ಎಂಬಿಬ್ಬರು ಹೆಚ್ಚಿನ ಒತ್ತಡದಲ್ಲಿ ಬೇರೇನೋ ಪ್ರಯೋಗ ಮಾಡುತ್ತಿದ್ದಾಗ ಪಾತ್ರೆಯ ತಳದಲ್ಲಿ ಮೇಣದಂಥ ಬಿಳಿಯ ವಸ್ತು ಉಳಿಯಿತು. ಅದು ಪಾಲಿಥೀನು. ಎರಡನೆಯ ಮಹಾಯುದ್ಧದಲ್ಲಿ ರಾಡಾರಿನ ತಂತಿಗಳಿಗೆ ಹೊದಿಕೆಯಾಗಿ ಅದು ಯುದ್ಧ ಗೆಲ್ಲಲು ನೆರವಾಯಿತೇ ಹೊರತು ಬದನೆಕಾಯಿ ಹೊರಲಿಲ್ಲ.

ಬದನೆಕಾಯಿಯ ಸರದಿ 1960ರ ದಶಕದಲ್ಲಿ ಬಂತು. ಸ್ವೀಡನ್ನಿನ ಸೆಲೋಪ್ಲಾಸ್ಟ್ ಕಂಪನಿಯ ಎಂಜಿನಿಯರ್ ಸ್ಟೆನ್ ಗುಸ್ತಾಫ್ ಥೂಲಿನ್, ಪಾಲಿಥೀನಿನ ಕೊಳವೆಯನ್ನು ಮಡಿಸಿ, ಬೆಸೆದು, ಕತ್ತರಿಸಿ ಎರಡು ಕಿವಿಗಳಿರುವ ಚೀಲವೊಂದನ್ನು ರೂಪಿಸಿದ. 1965ರಲ್ಲಿ ಅದಕ್ಕೆ ಅಮೆರಿಕದ ಪೇಟೆಂಟೂ ದೊರೆಯಿತು. ಕಾಗದದ ಚೀಲಗಳಿಗಾಗಿ ಮರ ಕಡಿಯುವುದು ಅವನ ಮನಸ್ಸನ್ನು ಕಾಡುತ್ತಿತ್ತಂತೆ. ಈ ಚೀಲ ಹರಿಯುವುದಿಲ್ಲ, ನೂರು ಸಲ ಬಳಸಬಹುದು ಎಂಬುದೇ ಅವನ ಲೆಕ್ಕಾಚಾರ. ಅವನು ಹೊರಗೆ ಹೋಗುವಾಗಲೆಲ್ಲ ಒಂದು ಚೀಲವನ್ನು ಮಡಿಸಿ ಜೇಬಿನಲ್ಲಿಟ್ಟುಕೊಳ್ಳುತ್ತಿದ್ದನೆಂದು ಅವನ ಮಗ ಈಚೆಗೆ ನೆನಪಿಸಿಕೊಂಡದ್ದುಂಟು. ಕವರಿನ ಜನಕನಿಗೇ ಅದು ಎಸೆಯುವ ವಸ್ತುವಾಗಿರಲಿಲ್ಲ! ಅವನ ಎಣಿಕೆಯಲ್ಲಿ ಅದು ಜೇಬಿನೊಳಗಿನ ಹಡಪ.

ನಮ್ಮಲ್ಲಿಯೂ ಮೊದಲು ಹಾಗೆಯೇ ಇತ್ತು. 1950ರ ದಶಕದ ಕೊನೆಗೆ ಭಾರತದಲ್ಲಿಯೇ ಪಾಲಿಥೀನು ತಯಾರಾಗತೊಡಗಿದರೂ, 1969ರಲ್ಲಿ ಸರಕಾರ ಇಂಡಿಯನ್ ಪೆಟ್ರೋಕೆಮಿಕಲ್ಸ್ ಸಂಸ್ಥೆಯನ್ನು ಸ್ಥಾಪಿಸಿ ಬರೋಡದಲ್ಲಿ ದೊಡ್ಡ ಕಾರ್ಖಾನೆ ಕಟ್ಟಿಸಿದರೂ, ಮನೆಗೆ ಬಂದ ಪ್ಲಾಸ್ಟಿಕ್ಕಿಗೆ ಗೌರವವೇ ಸಿಕ್ಕಿತು. ನನ್ನ ಚಿಕ್ಕಂದಿನಲ್ಲಿ, ಎಂದರೆ 1980ರ ದಶಕದಲ್ಲಿ, ನಮ್ಮ ಬೀದಿಯ ಹೆಂಗಸರೆಲ್ಲ ಪ್ಲಾಸ್ಟಿಕ್ ವಯರಿನಿಂದ ಬುಟ್ಟಿ ಹೆಣೆಯುತ್ತಿದ್ದರು. ಕೆಂಪು, ಹಳದಿ, ಹಸಿರು. ಒಬ್ಬರ ಮನೆಯ ವಿನ್ಯಾಸ ಇನ್ನೊಬ್ಬರಿಗೆ ಬಾರದು. ಅಂಥ ಬುಟ್ಟಿಯೊಂದು ನಮ್ಮ ಮನೆಯಲ್ಲಿ ಇಂದಿಗೂ ಕೆಲಸ ಮಾಡುತ್ತಿದೆ. ಹಾಲಿನ ಕವರನ್ನು ಕತ್ತರಿಸಿ, ತೊಳೆದು, ಗೋಡೆಗೆ ಅಂಟಿಸಿ ಒಣಗಿಸಿ, ತಿಂಗಳಿಗೊಮ್ಮೆ ಹಳೆಯ ಕಾಗದದವನಿಗೆ ತೂಗಿ ಕೊಡುತ್ತಿದ್ದರು. ಜವಳಿ ಅಂಗಡಿಯ ಹೆಸರಿದ್ದ ದಪ್ಪ ಕವರು ಸಿಕ್ಕಿದರಂತೂ ಅದು ಹಾಸಿಗೆಯ ಕೆಳಗೆ ಇಸ್ತ್ರಿಯಾಗಿ, ನೆಂಟರ ಮನೆಗೆ ಹೋಗುವಾಗ ಹೊರಬರುತ್ತಿತ್ತು. ಪ್ಲಾಸ್ಟಿಕ್ಕು ಆಗ ಇಟ್ಟುಕೊಳ್ಳುವ ಜಾತಿಗೆ ಸೇರಿತ್ತು.

ಬದಲಾವಣೆ ಎಲ್ಲಿ ಆಯಿತು? ಅಂಗಡಿಯ ಕಟ್ಟೆಯ ಮೇಲೆ. ಹಿಂದೆ ದಿನಸಿ ಅಂಗಡಿಯ ಶೆಟ್ಟರು ಮೊದಲು ಕೇಳುತ್ತಿದ್ದುದು ‘ಯಾತಕ್ಕೆ ಹಾಕಲಿ?’ ಎಂದು. ಪಾತ್ರೆ ತರುವುದು ಕೊಳ್ಳುವವರ ಹೊಣೆ. ಎಣ್ಣೆಗೆ ಸೀಸೆ, ಸೀಮೆಎಣ್ಣೆಗೆ ಡಬ್ಬ, ಮೊಸರಿಗೆ ತಂಬಿಗೆ, ಅಕ್ಕಿಗೆ ಚೀಲ. ಬೇಳೆ-ಸಕ್ಕರೆಗೆ ಹಳೆಯ ಪತ್ರಿಕೆಯ ಪೊಟ್ಟಣ. ಮೇಲಿನಿಂದ ಇಳಿಬಿದ್ದ ದಾರವನ್ನು ಎಳೆದು ಎರಡು ಸುತ್ತು ಸುತ್ತಿ ತಟ್ಟನೆ ತುಂಡು ಮಾಡುವ ಆ ಕೈಚಳಕವನ್ನು ನೋಡಿದವರು ಮರೆಯಲಾರರು. ಬಿಡಿಯಾಗಿ ಕೊಂಡ ಪೊಟ್ಟಣದ ಕಾಗದದಲ್ಲಿ ಅರ್ಧ ಕಥೆ ಓದಿ, ಉಳಿದರ್ಧಕ್ಕಾಗಿ ಮತ್ತೆ ಸಕ್ಕರೆ ತರಲು ಓಡಿದವರು ನಮ್ಮ ಪೀಳಿಗೆಯಲ್ಲಿ ಎಷ್ಟೋ ಜನ. 1990ರ ದಶಕದಲ್ಲಿ ಕೂದಲೆಳೆಗಿಂತ ತೆಳುವಾದ ಕವರುಗಳು ಅಗ್ಗವಾಗಿ ರಾಶಿ ಬಿದ್ದಾಗ ಈ ಹೊಣೆ ಸದ್ದಿಲ್ಲದೆ ಕಟ್ಟೆಯ ಆಚೆಗೆ ದಾಟಿತು. ಕವರು ಕೊಡದ ಅಂಗಡಿ ಜುಗ್ಗರ ಅಂಗಡಿಯಾಯಿತು. ಕೊಳ್ಳುವವರು ಕೈಬೀಸಿಕೊಂಡು ಹೋಗಿ, ಹತ್ತು ಕವರುಗಳೊಡನೆ ಮನೆಗೆ ಬಂದರು.

ಈ ದಾಟುವಿಕೆಗೆ ಸರಕಾರದ ಕೈಯೂ ಸೇರಿತ್ತೆಂಬುದು ಅನೇಕರಿಗೆ ನೆನಪಿರಲಾರದು. 1998ರಲ್ಲಿ ದೆಹಲಿಯಲ್ಲಿ ದತ್ತೂರಿ ಬೀಜದ ಎಣ್ಣೆ ಬೆರೆತ ಸಾಸಿವೆ ಎಣ್ಣೆ ತಿಂದು ಜನ ಮೈ ಊದಿಕೊಂಡು ಸತ್ತರು. ಆ ಭಯದಲ್ಲಿ ಕೇಂದ್ರ ಸರಕಾರ ಅದೇ ವರ್ಷ ಅಡುಗೆ ಎಣ್ಣೆಯನ್ನು ಬಿಡಿಯಾಗಿ ಮಾರಬಾರದು, ಕಟ್ಟಿ ಮುಚ್ಚಿಯೇ ಮಾರಬೇಕು ಎಂದು ಆಜ್ಞೆ ಹೊರಡಿಸಿತು. ಕಾರಣ ನ್ಯಾಯವಾದದ್ದೇ, ಕಲಬೆರಕೆಯವನ ಮೇಲಿನ ಸಿಟ್ಟು ಸೀಸೆ ಹಿಡಿದು ನಿಂತವನ ಮೇಲೆ ಬಿತ್ತು ಅಷ್ಟೆ. ಮರುವರ್ಷವೇ, 1999ರಲ್ಲಿ, ಅದೇ ಸರಕಾರ ಪ್ಲಾಸ್ಟಿಕ್ ಚೀಲಗಳನ್ನು ಹದ್ದಿನಲ್ಲಿಡುವ ಮೊದಲ ನಿಯಮಗಳನ್ನು ತಂದಿತು. ಒಂದು ಕೈಯಿಂದ ಕಟ್ಟಿಸಿ ಇನ್ನೊಂದು ಕೈಯಿಂದ ಬಿಚ್ಚಿಸಲು ಹೊರಟ ಹಾಗೆ.

ಇಷ್ಟಾದ ಮೇಲೆ ಮನೆಗೆ ಬಂದ ಆ ಹತ್ತು ಕವರು ಏನಾದವು? ಎಲೆ ಎಸೆದ ಕೈಯೇ ಅವನ್ನೂ ಎಸೆಯಿತು. ನನಗೆ ಮುಖ್ಯವಾಗಿ ಕಾಣುವುದು ಇದೇ. ನಮ್ಮ ಜನಕ್ಕೆ ಶಿಸ್ತಿಲ್ಲ, ಶುಚಿತ್ವವಿಲ್ಲ ಎಂದು ಬೈಯುವುದು ಸುಲಭ. ಆದರೆ ತಿಪ್ಪೆಗೆ ಎಸೆದರೆ ಮಣ್ಣಾಗುತ್ತದೆಂಬ ನಂಬಿಕೆ ಸುಳ್ಳು ನಂಬಿಕೆಯಾಗಿರಲಿಲ್ಲ. ಸಾವಿರಾರು ವರ್ಷ ಅದು ನಿಜವಾಗಿಯೇ ನಡೆದಿತ್ತು. ಕೈಯ ಅಭ್ಯಾಸ ಹಾಗೆಯೇ ಉಳಿಯಿತು, ಕೈಯೊಳಗಿನ ವಸ್ತು ಬದಲಾಯಿತು. ಉಂಡ ಎಲೆ ತಿಂದು ಬೆಳೆದ ಹಸುವಿಗೂ ಈ ವ್ಯತ್ಯಾಸ ತಿಳಿಯಲಿಲ್ಲ. ನಗರದ ಹಸುಗಳ ಹೊಟ್ಟೆ ಕೊಯ್ದು ಪಶುವೈದ್ಯರು ಹತ್ತಾರು ಕಿಲೋ ಪ್ಲಾಸ್ಟಿಕ್ ತೆಗೆದದ್ದನ್ನು ಪತ್ರಿಕೆಗಳಲ್ಲಿ ಓದಿದ್ದೇವೆ.

ಆಮೇಲಿನದು ನಿಷೇಧಗಳ ಚರಿತ್ರೆ. ಬಾಂಗ್ಲಾದೇಶದಲ್ಲಿ 1988 ಮತ್ತು 1998ರ ಮಹಾಪ್ರವಾಹಗಳಲ್ಲಿ ಢಾಕಾದ ಚರಂಡಿಗಳನ್ನು ಕವರುಗಳೇ ಕಟ್ಟಿದವೆಂದು ತಿಳಿದು, 2002ರಲ್ಲಿ ಆ ದೇಶ ತೆಳು ಪಾಲಿಥೀನ್ ಚೀಲವನ್ನು ನಿಷೇಧಿಸಿತು. ಇಂಥ ಕೆಲಸದಲ್ಲಿ ಅದೇ ಜಗತ್ತಿಗೆ ಮೊದಲು. ನಮ್ಮಲ್ಲಿ ಮೈಕ್ರಾನುಗಳ ಲೆಕ್ಕ. 1999ರಲ್ಲಿ ಚೀಲ 20 ಮೈಕ್ರಾನಿಗಿಂತ ತೆಳುವಿರಬಾರದು ಎಂದರು, 2011ರಲ್ಲಿ 40 ಎಂದರು, 2016ರಲ್ಲಿ 50, 2021ರ ಸೆಪ್ಟೆಂಬರಿಗೆ 75, 2022ರ ಕೊನೆಗೆ 120. ಮೈಕ್ರಾನೆಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಸೊಪ್ಪು ಮಾರುವ ಮುದುಕಿ ಇದನ್ನು ಯಾವ ಕೋಲಿನಿಂದ ಅಳೆಯಬೇಕೆಂದು ನಿಯಮ ಮಾಡಿದವರು ತಿಳಿಸಲಿಲ್ಲ. ಗುಟ್ಕಾ ಪೊಟ್ಟಣಗಳಲ್ಲಿ ಪ್ಲಾಸ್ಟಿಕ್ ಕೂಡದೆಂದು ಸುಪ್ರೀಂ ಕೋರ್ಟು ಹೇಳಿದ್ದು 2011ರ ಮಾರ್ಚಿನಿಂದ ಜಾರಿಗೆ ಬಂತು. ಕರ್ನಾಟಕ ಸರಕಾರ 2016ರ ಮಾರ್ಚಿನಲ್ಲಿ ಮೈಕ್ರಾನಿನ ಗೊಡವೆಯನ್ನೇ ಬಿಟ್ಟು, ಎಷ್ಟೇ ದಪ್ಪವಿರಲಿ, ಕೈಚೀಲ, ತಟ್ಟೆ, ಲೋಟ, ಚಮಚ, ಫ್ಲೆಕ್ಸುಗಳನ್ನೆಲ್ಲ ನಿಷೇಧಿಸಿತು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಹಲವು ವಸ್ತುಗಳಿಗೆ ದೇಶವ್ಯಾಪಿ ನಿಷೇಧ ಬಂತು. ದಾಳಿ ನಡೆದ ವಾರ ಕವರು ಮೇಜಿನ ಕೆಳಗಿಳಿಯುತ್ತದೆ, ಮರುವಾರ ಮೇಲೇರುತ್ತದೆ. ಇದರ ನಡುವೆ ಬಟ್ಟೆಯಂತೆ ಕಾಣುವ ಹೊಸ ಚೀಲವೊಂದು ಬಂದು ಎಷ್ಟೋ ಮರ್ಯಾದಸ್ಥರನ್ನು ಮೋಸಗೊಳಿಸಿತು. ನೇಯದೆ ಒತ್ತಿ ಮಾಡಿದ ಆ ಚೀಲ ಪಾಲಿಪ್ರೊಪಿಲೀನ್, ಪ್ಲಾಸ್ಟಿಕ್ಕೇ. ಬೆಂಕಿ ತಾಗಿಸಿದರೆ ಬೂದಿಯಾಗದೆ ಕರಗಿ ಉಂಡೆಗಟ್ಟುತ್ತದೆ. ಕಾಗದದ ಲೋಟದ ಒಳಮೈಗೆ ಬಳಿದಿರುವುದೂ ಸಾಮಾನ್ಯವಾಗಿ ಪಾಲಿಥೀನೇ.

ಈ ನಿಯಮಗಳೆಲ್ಲವೂ ಅಂಗಡಿಯವನು ಕೊಡುವ ಚೀಲವನ್ನು ಅಳೆಯುತ್ತವೆ. ನಾವು ಕೊಂಡೊಯ್ಯದ ಚೀಲದ ವಿಷಯ ಅವುಗಳಲ್ಲಿಲ್ಲ. ಕಾನೂನಿನಿಂದ ಅದು ಆಗುವ ಕೆಲಸವೂ ಅಲ್ಲವೆನ್ನಿ. ಈ ಹೊಣೆ ಎಲ್ಲರಿಗೂ ಒಂದೇ ತೂಕವೂ ಅಲ್ಲ. ತಿಂಗಳ ಸಾಮಾನನ್ನು ಒಟ್ಟಿಗೆ ತರುವ ನನ್ನಂಥ ಸಂಬಳದವರು ನಾಲ್ಕು ಬಟ್ಟೆಯ ಚೀಲ, ಎರಡು ಸ್ಟೀಲಿನ ಡಬ್ಬಿ ಒಯ್ದರೆ ಕಷ್ಟವೇನಿಲ್ಲ. ಅಂದಂದಿನ ಕೂಲಿಯಲ್ಲಿ ಅಂದಂದಿಗೆ ಎರಡು ರೂಪಾಯಿಯ ಶಾಂಪೂ ಪೊಟ್ಟಣ ಕೊಳ್ಳುವವಳಿಗೆ ದೊಡ್ಡ ಸೀಸೆ ಕೊಳ್ಳಿ ಎಂದು ಬುದ್ಧಿ ಹೇಳುವ ಯೋಗ್ಯತೆ ನಮಗಿಲ್ಲ. ಆದರೆ ಹೋಟಲಿನ ಸಾಂಬಾರಿಗೆ ಡಬ್ಬಿ ಕೊಂಡೊಯ್ಯಲು ನಾಚುವವರು ಅವಳಲ್ಲ, ನಾವು. ಇದನ್ನು ಬಲ್ಲ ಕೆಲವರು ಬೆಂಗಳೂರಿನಲ್ಲಿ ಮದುವೆ-ಮುಂಜಿಗೆ ಸ್ಟೀಲು ತಟ್ಟೆ ಲೋಟಗಳನ್ನು ಎರವಲು ಕೊಡುವ ಪಾತ್ರೆ ಬ್ಯಾಂಕುಗಳನ್ನು ನಡೆಸುತ್ತಿದ್ದಾರೆ. ಹೆಸರು ಹೊಸದು; ದೇವಸ್ಥಾನದ ಉಗ್ರಾಣದಲ್ಲಿ ಊರೊಟ್ಟಿನ ಕೊಪ್ಪರಿಗೆ, ಹಂಡೆಗಳನ್ನಿಟ್ಟುಕೊಂಡು ಮದುವೆಯ ಮನೆಗೆ ಕೊಡುತ್ತಿದ್ದ ಹಳ್ಳಿಗಳಿಗೆ ವ್ಯವಹಾರ ಹಳೆಯದು.

ಮೇದಾರ ಕೇತಯ್ಯನ ಕಸುಬಿನವರು ಇಂದಿಗೂ ನಮ್ಮ ನಡುವೆ ಇದ್ದಾರೆ. ಮೈಸೂರಿನಲ್ಲಿ ಮೇದರ ಬ್ಲಾಕೆಂಬ ಬಡಾವಣೆಯೇ ಉಂಟು. ಬೇರೆ ಊರುಗಳಲ್ಲಿ ಮೇದರ ಕೇರಿಗಳುಂಟು. ವರ್ಷದ ಬಹುಪಾಲು ಅವರ ಬುಟ್ಟಿ, ತಟ್ಟಿ, ಏಣಿಗಳನ್ನು ಕೇಳುವವರು ಕಡಮೆ. ಭಾದ್ರಪದದ ಗೌರಿ ಹಬ್ಬದ ಹಿಂದಿನ ವಾರ ಮಾತ್ರ ರಸ್ತೆಯ ಬದಿ ಅವರ ಮೊರಗಳಿಂದ ತುಂಬುತ್ತದೆ. ಬಾಗಿನಕ್ಕೆ ಜೋಡಿ ಮೊರ ಬೇಕೇ ಬೇಕಷ್ಟೆ. ಹಸಿ ಬಿದಿರಿನ ವಾಸನೆ, ಅರಸಿನ ಬಳಿದ ಅಂಚು, ಚೌಕಾಸಿಯ ಗದ್ದಲ. ಮೊನ್ನೆ ಮೊನ್ನೆಯವರೆಗೆ ಅದೊಂದು ಪೇಟೆಯಾದರೂ ಪೂರಾ ಅವರದಾಗಿತ್ತು. ಈಚೆಗೆ ಅವರ ಸಾಲಿನ ಪಕ್ಕದಲ್ಲೇ ಇನ್ನೊಂದು ಸಾಲು ಹೂಡಿದೆ: ಬಾಗಿನಕ್ಕೆಂದೇ ಅಚ್ಚು ಹಾಕಿದ, ಕೆಂಪು-ಹಳದಿ ಬಣ್ಣದ, ನಾರಿನ ಹೆಣಿಗೆಯಂತೆಯೇ ಗೆರೆ ಮೂಡಿಸಿದ ಪ್ಲಾಸ್ಟಿಕ್ ಮೊರಗಳು. ಬೆಲೆ ಬಿದಿರಿನದಕ್ಕಿಂತ ಕಡಮೆ.